ನಿಕ್ಷೇಪವೋ, ಠೇವಣಿಯೋ? ಕಾಸರಗೋಡಿನಿಂದ ಒಂದು ಪದದ ಲೆಕ್ಕ

ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಅಪ್ಪಚ್ಚಿ, ಅಂದರೆ ಚಿಕ್ಕಪ್ಪ, ಎದುರಿನ ಫ್ಲೆಕ್ಸ್ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು: "ನಿಕ್ಷೇಪ ಸಮಾಹರಣ ಯಜ್ಞಂ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಇದು ಏವ ದೇವಸ್ಥಾನಲ್ಲಿ ಮಾಣೀ?"

ಅಪ್ಪಚ್ಚಿ ಕನ್ನಡ ಮೀಡಿಯಂನಲ್ಲಿ ಓದಿದವರು. ಮಲಯಾಳಂ ಚೆನ್ನಾಗಿ ಮಾತಾಡುತ್ತಾರೆ, ಓದುವುದು ಮಾತ್ರ ಕಷ್ಟ. ಈ ಕಡೆಯ ಹಳಬರಲ್ಲಿ ಇಂಥವರು ಬೇಕಾದಷ್ಟು ಜನ ಸಿಗುತ್ತಾರೆ. ಇದು ಹೋಮ ಹವನದ ಯಜ್ಞ ಅಲ್ಲ, ಸಹಕಾರಿ ಬ್ಯಾಂಕಿನವರು ಡೆಪಾಸಿಟ್ ಸಂಗ್ರಹಿಸುವ ಅಭಿಯಾನ ಎಂದೆ. ಅವರಿಗೆ ಸಮಾಧಾನ ಆಗಲಿಲ್ಲ. "ನಿಕ್ಷೇಪ ಹೇಳಿರೆ ಮಣ್ಣಿನಡಿಲಿ ಇಪ್ಪದು ಅಲ್ಲದಾ?"

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಕನ್ನಡದಲ್ಲಿ ನಿಕ್ಷೇಪ ಅಂದರೆ ಅದಿರು, ಕಲ್ಲಿದ್ದಲು, ತೈಲ. ಇಲ್ಲಾಂದರೆ ಹುಗಿದಿಟ್ಟ ಹೊನ್ನು. ಕಾಸರಗೋಡಿನ ಕೆಂಪು ಮುರಕಲ್ಲಿನ ಕೆಳಗೆ ಬಾಕ್ಸೈಟ್ ಇದೆ. ಅದರ ಬಗ್ಗೆ ಸುದ್ದಿ ಬರೆದರೆ ಕನ್ನಡ ಪತ್ರಿಕೆಯೂ ನಿಕ್ಷೇಪ ಎಂದೇ ಬರೆಯುತ್ತದೆ. ಆದರೆ ಬ್ಯಾಂಕಿಗೆ ಹಾಕುವ ದುಡ್ಡಿಗೆ ನಾವು ಆ ಪದ ಬಳಸುವುದಿಲ್ಲ. ಅದಕ್ಕೆ ಠೇವಣಿ ಇದೆ, ಇಲ್ಲವೇ ಸೀದಾ ಡೆಪಾಸಿಟ್.

ಅಂದು ನಕ್ಕು ಬಸ್ಸು ಹತ್ತಿದೆವು. ಆದರೆ ಇದು ಬರೀ ತಮಾಷೆಯ ವಿಷಯ ಅಲ್ಲ ಅಂತ ನನಗೆ ಅನ್ನಿಸಿದ್ದು ಇನ್ನೊಂದು ನಿಕ್ಷೇಪದ ಕಾಗದ ಕೈಗೆ ಬಂದಾಗ. ನಮ್ಮ ನೆಂಟರೊಬ್ಬರು ಗಲ್ಫಿನಲ್ಲಿ ದುಡಿದ ಹಣದ ಒಂದು ಪಾಲನ್ನು ಒಂದು ವ್ಯಾಪಾರ ಸಂಸ್ಥೆಗೆ ಕೊಟ್ಟಿದ್ದರು. ಕಾಗದದ ಮೇಲೆ ಮಲಯಾಳದಲ್ಲಿ ನಿಕ್ಷೇಪಂ ಎಂದಿತ್ತು. ಅವರು ಅದನ್ನು ಠೇವಣಿ ಎಂದುಕೊಂಡರು. ಬ್ಯಾಂಕಿನ ರಸೀದಿಯಲ್ಲೂ ಅದೇ ಪದ ಇರುತ್ತದಲ್ಲ! ತಿಂಗಳು ತಿಂಗಳು ಒಂದಿಷ್ಟು ಹಣ ಬರುತ್ತಿತ್ತು. ಅದನ್ನು ಬಡ್ಡಿ ಎಂದುಕೊಂಡರು. ಒಂದು ದಿನ ಅದು ನಿಂತಿತು. ಕೇಳಲು ಹೋದರೆ ಸಿಕ್ಕಿದ ಉತ್ತರ, "ಲಾಭದಲ್ಲಿ ಪಾಲು ಕೊಡುತ್ತೇವೆ ಎಂದಿದ್ದೆವು. ಈಗ ಲಾಭ ಇಲ್ಲ." ಕಾಗದವನ್ನು ಮತ್ತೆ ಬಿಡಿಸಿ ಓದಿದರೆ, ಹೌದು, ಹಾಗೇ ಬರೆದಿತ್ತು. ಅದು ಠೇವಣಿಯಲ್ಲ, ಹೂಡಿಕೆ.

ಮಲಯಾಳದಲ್ಲಿ ಎರಡಕ್ಕೂ ಒಂದೇ ಪದ. ಬ್ಯಾಂಕಿನ ಎಫ್‌ಡಿಗೆ ಸ್ಥಿರ ನಿಕ್ಷೇಪಂ. ಹೊರದೇಶದ ಕಂಪನಿ ಕೇರಳದಲ್ಲಿ ಬಂಡವಾಳ ಹಾಕಿದರೆ ಅದೂ ವಿದೇಶ ನಿಕ್ಷೇಪಂ. ಅದಿರಿಗೂ ಅದೇ. ಸುತ್ತಲಿನ ಭಾಷೆಗಳು ಹಾಗಿಲ್ಲ. ತಮಿಳಿನಲ್ಲಿ ಬ್ಯಾಂಕಿನಲ್ಲಿಟ್ಟದ್ದು ವೈಪ್ಪು, ಹೂಡಿದ್ದು ಮುದಲೀಡು. ಮರಾಠಿಯಲ್ಲಿ ಒಂದು ಠೇವ್, ಇನ್ನೊಂದು ಗುಂತವಣೂಕ್. ತೆಲುಗಿನವರು ಮೊದಲನೆಯದಕ್ಕೆ ಡಿಪಾಜಿಟ್ ಎಂದರೂ ಎರಡನೆಯದಕ್ಕೆ ಪೆಟ್ಟುಬಡಿ ಎಂಬ ಬೇರೆಯೇ ಪದ ಇಟ್ಟುಕೊಂಡಿದ್ದಾರೆ. ಕನ್ನಡದಲ್ಲಿ ಠೇವಣಿ, ಹೂಡಿಕೆ.

ಇದು ಮಲಯಾಳದ ದೋಷ ಅಂತ ನಾನು ಹೇಳುವುದಿಲ್ಲ. ಭಾಷೆ ಗೊತ್ತಿದ್ದವರಿಗೆ ಸಂದರ್ಭದಿಂದ ವ್ಯತ್ಯಾಸ ತಿಳಿಯುತ್ತದೆ. ತೊಂದರೆ ಆಗುವುದು ನಮ್ಮಂಥ ಗಡಿನಾಡಿನವರಿಗೆ. ಒಂದು ಭಾಷೆಯಲ್ಲಿ ಸಹಿ ಹಾಕುತ್ತೇವೆ, ಇನ್ನೊಂದರಲ್ಲಿ ಅರ್ಥ ಮಾಡಿಕೊಳ್ಳುತ್ತೇವೆ. ಬ್ಯಾಂಕಿನ ಅರ್ಜಿಗಳು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆಯಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕ್ ಹೇಳುತ್ತದೆ. ಕೇರಳದ ಶಾಖೆಯಲ್ಲಿ ಆ ಮೂರನೆಯದು ಮಲಯಾಳಂ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ಎಷ್ಟೋ ತಲೆನೋವುಗಳಲ್ಲಿ ಇದು ಸಣ್ಣದು, ನಿಜ. ಆದರೆ ಸೀದಾ ಕಿಸೆಗೆ ತಾಗುವಂಥದ್ದು.

ಇಂಥದ್ದು ನಮ್ಮ ನೆಂಟರಿಗೆ ಮಾತ್ರ ಆದದ್ದೂ ಅಲ್ಲ. 2020ರ ನವೆಂಬರ್‌ನಲ್ಲಿ ಮಂಜೇಶ್ವರದ ಅಂದಿನ ಶಾಸಕರನ್ನೇ ಪೊಲೀಸರು ಬಂಧಿಸಿದ್ದರು. ಚಿನ್ನದ ಅಂಗಡಿಯೊಂದರ ಹೆಸರಿನಲ್ಲಿ ಜನರಿಂದ ನಿಕ್ಷೇಪ ಪಡೆದು ವಾಪಸ್ ಕೊಡಲಿಲ್ಲ ಎಂಬ ಆರೋಪ ಅದು. ಆ ಸುದ್ದಿಯನ್ನು ಕನ್ನಡದಲ್ಲಿ ಬರೆಯುವಾಗ ಠೇವಣಿ ವಂಚನೆ ಎನ್ನಬೇಕೋ ಹೂಡಿಕೆ ವಂಚನೆ ಎನ್ನಬೇಕೋ? ಎರಡರಲ್ಲಿ ಯಾವುದನ್ನು ಬರೆದರೂ ಕೇಸಿನ ಬಗ್ಗೆ ಅರ್ಧ ತೀರ್ಪು ಕೊಟ್ಟ ಹಾಗೆಯೇ ಆಗುತ್ತದೆ.

ಇಟ್ಟದ್ದು ಯಾರದು?

ಡೆಪಾಸಿಟ್ ಎಂಬ ಮಾತಿನ ಮೂಲ ಲ್ಯಾಟಿನ್. ಕೆಳಗೆ ಇಡು ಎಂಬುದೇ ಅದರ ಅರ್ಥ. ನಮ್ಮ ಮಾತುಗಳೂ ಅಷ್ಟೇ. ಕನ್ನಡದಲ್ಲಿ ಬ್ಯಾಂಕಿನಲ್ಲಿ ಇಟ್ಟಿದ್ದೇನೆ. ಹವ್ಯಕದಲ್ಲಿ ಮಡುಗಿದ್ದೆ. ತುಳುವಿನಲ್ಲಿ ದೀತೆ. ಇಡುಗಂಟು ಎಂಬ ಚೆಂದದ ಪದವಂತೂ ಇದ್ದೇ ಇದೆ. ಠೇವಣಿ ಕೂಡ ಮರಾಠಿಯ ಠೇವಣೆ, ಅಂದರೆ ಇಡು ಎಂಬುದರ ನೆಂಟ. ಎಲ್ಲ ಭಾಷೆಯವರೂ ಇಡುತ್ತಾರೆ. ಇಟ್ಟ ಮೇಲೆ ಅದು ಯಾರದು ಎಂಬುದರಲ್ಲಿ ಎಲ್ಲ ವ್ಯತ್ಯಾಸ ಇರುವುದು.

ಹಳೆಯ ಧರ್ಮಶಾಸ್ತ್ರದವರು ಈ ಪ್ರಶ್ನೆಗೆ ಖಚಿತ ಉತ್ತರ ಕೊಟ್ಟಿದ್ದರು. ಮನುಸ್ಮೃತಿ ಹೇಳುವ 18 ವ್ಯವಹಾರಪದಗಳಲ್ಲಿ, ಅಂದರೆ ಕೋರ್ಟಿಗೆ ಬರಬಹುದಾದ ವ್ಯಾಜ್ಯಗಳಲ್ಲಿ, ಮೊದಲನೆಯದು ಸಾಲ ತೀರಿಸದಿರುವುದು. ಎರಡನೆಯದೇ ನಿಕ್ಷೇಪ. ನಂಬಿಕೆಯಿಂದ ಒಬ್ಬನ ಕೈಯಲ್ಲಿ ಇಟ್ಟ ವಸ್ತು ಅದು. ಹೇಗೆ ಕೊಟ್ಟಿದ್ದನೋ ಹಾಗೆಯೇ ವಾಪಸ್ ಕೊಡಬೇಕು. ಗಂಟು ಬಿಚ್ಚುವ ಹಾಗಿಲ್ಲ. ಇಟ್ಟದ್ದು ಇಟ್ಟವನದೇ. ವಿಜಯನಗರದ ಕಾಲದ ಶಾಸನಗಳಲ್ಲಿ ದಾನದ ಜೊತೆ ಹೋಗುವ ಎಂಟು ಹಕ್ಕುಗಳ ಪಟ್ಟಿ ಬರುತ್ತದೆ, ನಿಧಿ, ನಿಕ್ಷೇಪ, ಜಲ, ಪಾಷಾಣ, ಹೀಗೆ. ಅಲ್ಲಿನ ನಿಕ್ಷೇಪ ನೆಲದೊಳಗೆ ಇಟ್ಟದ್ದು. ಅಪ್ಪಚ್ಚಿಯ ತಲೆಯಲ್ಲಿದ್ದದ್ದು ಇದೇ ಅರ್ಥ.

ಬ್ಯಾಂಕು ಬಂದ ಮೇಲೆ ಇದು ತಲೆಕೆಳಗಾಯಿತು. 1848ರಲ್ಲಿ ಇಂಗ್ಲೆಂಡಿನಲ್ಲಿ ಫೋಲಿ ಮತ್ತು ಹಿಲ್ ನಡುವಿನ ಪ್ರಕರಣದಲ್ಲಿ ಒಂದು ತೀರ್ಪು ಬಂತು. ಬ್ಯಾಂಕಿಗೆ ಹಾಕಿದ ಕ್ಷಣದಿಂದ ಹಣ ಬ್ಯಾಂಕಿನದು, ಗ್ರಾಹಕ ಬರೀ ಸಾಲ ಕೊಟ್ಟವನು ಎಂಬುದು ಅದರ ಸಾರ. ಬ್ಯಾಂಕಿಂಗ್ ಕಾನೂನು ಇಂದಿಗೂ ನಿಂತಿರುವುದು ಇದೇ ತಳಹದಿಯ ಮೇಲೆ, ನಮ್ಮ ದೇಶದಲ್ಲೂ. ಅಂದರೆ ನನ್ನ ಎಫ್‌ಡಿ ನಾನು ಬ್ಯಾಂಕಿಗೆ ಕೊಟ್ಟ ಸಾಲ. ಸಾಲ ಕೇಳಲು ಹೋದಾಗ ಹತ್ತು ಕಾಗದ ಕೇಳುವ ಮ್ಯಾನೇಜರು, ನಾವು ಸಾಲ ಕೊಡುವಾಗ ಮಾತ್ರ ಒಂದೇ ಪುಟದಲ್ಲಿ ಮುಗಿಸುತ್ತಾರೆ, ನೋಡಿ.

ಅದೇ ಬ್ಯಾಂಕಿನ ಪಕ್ಕದ ಕೌಂಟರಿನಲ್ಲಿ ಚಿನ್ನ ಅಡವು ಇಟ್ಟರೆ ಕತೆ ಬೇರೆ. ಸರ ನಿಮ್ಮದೇ. ಸಾಲ ತೀರಿಸಿದರೆ ಅದೇ ಸರ ವಾಪಸ್ ಬರಬೇಕು, ಅಷ್ಟೇ ತೂಕದ ಇನ್ನೊಂದು ಸರ ಅಲ್ಲ. ಹಣ ಇಟ್ಟರೆ ಹಾಗಲ್ಲ, ನಾವು ಕೊಟ್ಟ ನೋಟು ಯಾರದೋ ಕಾರು ಸಾಲವಾಗಿ ಹೋಗಿರುತ್ತದೆ. ಅಡವಿನ ಸರ ಮನುವಿನ ಕಾಲದ ನಿಕ್ಷೇಪಕ್ಕೆ ಹತ್ತಿರ. ಎಫ್‌ಡಿ ಹತ್ತಿರವೂ ಬರುವುದಿಲ್ಲ.

ಸಾಲ ಎಂದ ಮೇಲೆ ಅದು ಮುಳುಗಲೂಬಹುದು. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಕಟ್ಟು ಹಾಕಿದ ಮೇಲೆ ಮುಂಬೈಯ ಪಿಎಂಸಿ ಬ್ಯಾಂಕಿನ ಗ್ರಾಹಕರಿಗೆ ಒಂದು ಬೆಳಿಗ್ಗೆ ಗೊತ್ತಾಯಿತು, ತಮ್ಮ ಖಾತೆಯಿಂದ 1,000 ರೂಪಾಯಿ ಮಾತ್ರ ತೆಗೆಯಬಹುದು ಅಂತ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಆ ಮಿತಿ 35,000 ಆಗಿತ್ತು. ಬ್ಯಾಂಕು ಮುಳುಗಿದರೆ ಇಟ್ಟವರಿಗೆ ಸಿಗುವ ಠೇವಣಿ ವಿಮೆ 1993ರಿಂದ 1 ಲಕ್ಷದಲ್ಲೇ ನಿಂತಿತ್ತು, ಅದು 2020ರ ಫೆಬ್ರವರಿ 4ರಂದು 5 ಲಕ್ಷಕ್ಕೆ ಏರಿತು. 2021ರ ತಿದ್ದುಪಡಿಯ ಮೇಲೆ, ರಿಸರ್ವ್ ಬ್ಯಾಂಕ್ ಹೀಗೆ ಕಟ್ಟು ಹಾಕಿದರೆ 90 ದಿನದೊಳಗೆ ಆ ವಿಮೆಯ ಹಣ ಸಿಗಬೇಕು.

ಹಾಗಾದರೆ ಬದಿಯಡ್ಕದ ಬೋರ್ಡಿನಲ್ಲಿದ್ದ ಯಜ್ಞಕ್ಕೆ ಹಾಕಿದ ಹಣಕ್ಕೂ ಈ ವಿಮೆ ಇದೆಯೇ?

ಇಲ್ಲ. ಊರ ಜನಕ್ಕೆ ಸರಿಯಾಗಿ ಗೊತ್ತಿಲ್ಲದ ಸಂಗತಿ ಇದು. ಕೇರಳದ ಹಳ್ಳಿ ಹಳ್ಳಿಯಲ್ಲೂ ಸರ್ವಿಸ್ ಸಹಕಾರಿ ಬ್ಯಾಂಕ್ ಎಂಬ ಬೋರ್ಡು ಕಾಣುತ್ತದೆ. ಎಸಿ ಇದೆ, ಟೋಕನ್ ಇದೆ, ಲಾಕರ್ ಇದೆ. ಆದರೆ ಕಾನೂನಿನ ಕಣ್ಣಿನಲ್ಲಿ ಅವು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು. ಗಡಿಯಾಚೆ ಪುತ್ತೂರು, ಸುಳ್ಯದಲ್ಲಿ ನಾವು ಸೊಸೈಟಿ ಎನ್ನುತ್ತೇವಲ್ಲ, ಅದೇ. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಎಚ್ಚರಿಕೆ ಹೊರಡಿಸಿತು. ಇಂಥ ಸಂಘಗಳು ಹೆಸರಿನಲ್ಲಿ ಬ್ಯಾಂಕ್ ಎಂದು ಹಾಕುವ ಹಾಗಿಲ್ಲ, ಸದಸ್ಯರಲ್ಲದವರಿಂದ ಠೇವಣಿ ಪಡೆಯುವ ಹಾಗಿಲ್ಲ, ನಾಮಮಾತ್ರ ಸದಸ್ಯರಿಂದ ಪಡೆದರೂ ಅದು ಸದಸ್ಯರಲ್ಲದವರಿಂದ ಪಡೆದ ಹಾಗೆಯೇ, ಕೇಂದ್ರದ ಠೇವಣಿ ವಿಮೆಯೂ ಇವಕ್ಕಿಲ್ಲ. ಕೇರಳ ಸರ್ಕಾರ ಇದನ್ನು ಬಲವಾಗಿ ವಿರೋಧಿಸಿತು. ಸಹಕಾರ ರಾಜ್ಯದ ವಿಷಯ, ನಮ್ಮದೇ ಠೇವಣಿ ಗ್ಯಾರಂಟಿ ಯೋಜನೆ ಇದೆ ಎಂಬುದು ಅವರ ವಾದ. ಯೋಜನೆ ಇರುವುದು ನಿಜ. ಅದು ರಾಜ್ಯದ್ದು, ನಿಯಮ ಬೇರೆ, ಹಣ ಬರುವ ದಾರಿಯೂ ಬೇರೆ.

ಆ ಎಚ್ಚರಿಕೆಗೆ ಕೆಲವೇ ತಿಂಗಳ ಹಿಂದೆ, 2021ರ ಜುಲೈಯಲ್ಲಿ, ತೃಶೂರಿನ ಕರುವನ್ನೂರು ಸಹಕಾರಿ ಬ್ಯಾಂಕಿನ ಹಗರಣ ಹೊರಬಿದ್ದಿತ್ತು. ಜೀವಮಾನದ ಉಳಿತಾಯ ಅಲ್ಲಿಟ್ಟವರು ಚಿಕಿತ್ಸೆಗೆ ದುಡ್ಡಿಲ್ಲದೆ ಬಾಗಿಲಲ್ಲಿ ನಿಂತ ಸುದ್ದಿಗಳನ್ನು ಕಾಸರಗೋಡಿನಲ್ಲಿ ಕೂತು ನಾವೂ ಓದಿದೆವು. ಹಾಗೆಂದು ಎಲ್ಲ ಸೊಸೈಟಿಗಳನ್ನೂ ಅನುಮಾನದಿಂದ ನೋಡಿದರೆ ಅನ್ಯಾಯ. ಅಡಿಕೆಗೆ ಕೊಳೆರೋಗ ಬಂದ ವರ್ಷ ಸಾಲ ಕೊಟ್ಟದ್ದು ಇವೇ, ಯಾವ ದೊಡ್ಡ ಬ್ಯಾಂಕೂ ಅಲ್ಲ. ನನ್ನ ತಕರಾರು ಸಂಘಗಳ ಮೇಲಲ್ಲ. ಬೋರ್ಡಿನಲ್ಲಿ ಬ್ಯಾಂಕ್, ರಸೀದಿಯಲ್ಲಿ ನಿಕ್ಷೇಪ, ಕಾನೂನಿನಲ್ಲಿ ಸೊಸೈಟಿ, ಹೀಗೆ ಮೂರು ಕಡೆ ಮೂರು ಮಾತು ಇದ್ದರೆ ಇಡುವವನು ಯಾವುದನ್ನು ನಂಬಬೇಕು?

ತಮಿಳುನಾಡಿನ ಕಡೆ ಇದೇ ಆಟ ನಿಧಿ ಎಂಬ ಪದದಲ್ಲಿ ನಡೆಯುತ್ತದೆ. ನಿಧಿ ಕಂಪನಿಗಳು ಅಲ್ಲಿ ಹಳೆಯವು. ಸದಸ್ಯರಿಂದ ಮಾತ್ರ ಠೇವಣಿ ಪಡೆದು ಸದಸ್ಯರಿಗೆ ಮಾತ್ರ ಸಾಲ ಕೊಡಬೇಕು ಎಂಬುದು ನಿಯಮ. ಠೇವಣಿ ವಿಮೆ ಅಲ್ಲೂ ಇಲ್ಲ. ಹೊಸೂರಿನ ಕನ್ನಡಿಗರಿಗೆ ನಿಧಿ ಎಂದ ಕೂಡಲೇ ಕೊಪ್ಪರಿಗೆ ನೆನಪಾದರೆ ಆಶ್ಚರ್ಯ ಇಲ್ಲ. ಇಲ್ಲಿ ಮಲಯಾಳದವರು ಚಿಟ್‌ಫಂಡಿಗೆ ಕುರಿ ಎನ್ನುತ್ತಾರೆ. ಮೈಸೂರು ಕಡೆಯಿಂದ ಮದುವೆಯಾಗಿ ಬಂದ ನಮ್ಮ ಅತ್ತಿಗೆ ಮೊದಲ ವರ್ಷ, "ಇವರೆಲ್ಲ ಕುರಿ ಕಟ್ಟಿದ್ದಾರಂತೆ, ಹಟ್ಟಿ ಎಲ್ಲಿ?" ಎಂದು ಕೇಳಿದ್ದು ಮನೆಯಲ್ಲಿ ಇನ್ನೂ ನಗುವಿನ ವಿಷಯ.

ಕನ್ನಡದ ಹುಳುಕು ಎಲ್ಲಿ?

ಮಲಯಾಳದ ಮೇಲೆ ಇಷ್ಟು ಹೇಳಿದ ಮೇಲೆ ನಮ್ಮ ಕಡೆಯೂ ನೋಡಬೇಕಲ್ವಾ? ಕನ್ನಡ ಠೇವಣಿಯನ್ನೂ ಹೂಡಿಕೆಯನ್ನೂ ಬೇರೆ ಮಾಡಿತು, ಸರಿ. ಆದರೆ ಇನ್ನೊಂದು ಕಡೆ ನಾವೇ ಎರಡು ವಸ್ತುಗಳನ್ನು ಒಂದೇ ಚೀಲಕ್ಕೆ ತುಂಬಿದ್ದೇವೆ. ಬ್ಯಾಂಕಿನಲ್ಲಿ ಬಡ್ಡಿಗೆ ಇಟ್ಟದ್ದೂ ಠೇವಣಿ. ಚುನಾವಣೆಗೆ ನಿಂತವನು ಕಟ್ಟುವುದೂ ಠೇವಣಿ. ಎರಡರ ಸ್ವಭಾವ ಪೂರ್ತಿ ಬೇರೆ. ಮೊದಲನೆಯದು ಸಾಲ. ಎರಡನೆಯದು ಒಂದು ತರಹ ಬಾಯಿಕಟ್ಟು. ನಾನು ಸುಮ್ನೆ ಬಂದವನಲ್ಲ, ತಪ್ಪು ಮಾಡಿದರೆ ಇದನ್ನು ಇಟ್ಟುಕೊಳ್ಳಿ ಎಂದು ಕೊಡುವ ಹಣ.

ಈ ಜಾಗದಲ್ಲಿ ನೆರೆಯವರು ನಮಗಿಂತ ಜಾಣರು. ಮರಾಠಿಯಲ್ಲಿ ಇದು ಅನಾಮತ್. ತೆಲುಗಿನ ಕಾಗದಪತ್ರಗಳಲ್ಲಿ ಧರಾವತು. ತಮಿಳಿನಲ್ಲಿ ಕಟ್ಟುತ್ತೊಗೈ. ಮಲಯಾಳದಲ್ಲಿ ಚುನಾವಣೆ ಸೋತು ಠೇವಣಿ ಹೋದರೆ "ಕೆಟ್ಟಿವೆಚ್ಚ ಕಾಶ್ ಪೋಯಿ" ಎನ್ನುತ್ತಾರೆ. ಕಟ್ಟಿ ಇಟ್ಟ ಕಾಸು ಹೋಯಿತು ಎಂದರ್ಥ. ಕನ್ನಡದ ಕಿವಿಗೆ ಅದು ಕೆಟ್ಟ ವೆಚ್ಚ ಎಂದು ಕೇಳಿಸುತ್ತದೆ. ಸೋತವರ ಪಾಲಿಗೆ ಅದೂ ಸರಿಯೇ.

ಲೆಕ್ಕ ಹೀಗಿದೆ. 1951ರ ಜನಪ್ರಾತಿನಿಧ್ಯ ಕಾಯ್ದೆ ಬಂದಾಗ ಲೋಕಸಭೆಗೆ 500 ರೂಪಾಯಿ, ವಿಧಾನಸಭೆಗೆ 250. ಈಗ ಲೋಕಸಭೆಗೆ 25,000, ವಿಧಾನಸಭೆಗೆ 10,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಪಾಲಿಗಿಂತ ಜಾಸ್ತಿ ಸಿಗದಿದ್ದರೆ ಹಣ ಹೋಯಿತು. ಸರಿಯಾಗಿ ಆರನೇ ಒಂದು ಸಿಕ್ಕಿದರೂ ಹೋಯಿತು. ಗೆದ್ದವನಿಗೆ ಮಾತ್ರ ಈ ಲೆಕ್ಕ ಇಲ್ಲ, ಎಷ್ಟೇ ಕಡಿಮೆ ಮತದಲ್ಲಿ ಗೆದ್ದರೂ ಹಣ ವಾಪಸ್.

ಕಾಟಾಚಾರಕ್ಕೆ ನಿಲ್ಲುವವರನ್ನು ತಡೆಯುವುದು ಇದರ ಉದ್ದೇಶ. ಆದರೆ ಠೇವಣಿ ಕಳೆದುಕೊಳ್ಳುವವರೆಲ್ಲ ಕಾಟಾಚಾರದವರು ಎಂದು ಮಂಜೇಶ್ವರದಲ್ಲಿ ಯಾರೂ ಹೇಳಲಾರರು. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಗೆದ್ದವರ ಅಂತರ 89 ಮತ. ಠೇವಣಿ ಕಳೆದುಕೊಂಡವರು ಸೇರಿ ಪಡೆದ ಮತ ಅದಕ್ಕಿಂತ ಎಷ್ಟೋ ಜಾಸ್ತಿ. 2021ರಲ್ಲಿ ಅಂತರ 745ಕ್ಕೆ ಏರಿತು, ಅಷ್ಟೇ. ಅಂದು ಗೆದ್ದ ಶಾಸಕರು ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣವಚನ ಓದಿದರು.

ಬಾಯಿಕಟ್ಟಿನ ಠೇವಣಿ ಮನೆಯೊಳಗೇ ಎಷ್ಟೊಂದಿದೆ ಎಂಬುದು ಹುಡುಕಿದಾಗಲೇ ತಿಳಿಯುತ್ತದೆ. ಗ್ಯಾಸ್ ಸಿಲಿಂಡರ್ ನಾವು ಕೊಂಡದ್ದಲ್ಲ, ಕಂಪನಿಯದು. ಅದಕ್ಕೊಂದು ಠೇವಣಿ ಇಟ್ಟು ಬಳಸುತ್ತೇವೆ. 2022ರ ಜೂನ್‌ನಿಂದ 14.2 ಕಿಲೋ ಸಿಲಿಂಡರಿನ ಹೊಸ ಸಂಪರ್ಕಕ್ಕೆ ಅದು 2,200 ರೂಪಾಯಿ. ಅದಕ್ಕೆ ಮುಂಚೆ 1,450 ಇತ್ತು. ಅಜ್ಜಿಯ ಹೆಸರಿನ ಹಳೆ ಸಂಪರ್ಕ ಒಪ್ಪಿಸಿದರೆ ಸಿಗುವುದು ಅಂದು ಕಟ್ಟಿದ್ದ ಅಷ್ಟೇ ಹಣ. ಇಷ್ಟು ವರ್ಷದ ಬಡ್ಡಿ? ಕೇಳಬೇಡಿ.

ಕರೆಂಟಿನವರು ಈ ವಿಷಯದಲ್ಲಿ ವಾಸಿ. ಕೇರಳದಲ್ಲಿ ಮನೆಯ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ಹಾಗಾಗಿ ಸರಾಸರಿ ತಿಂಗಳ ಬಿಲ್ಲಿನ ಮೂರು ಪಟ್ಟು ಠೇವಣಿ ಇರಬೇಕು. ಬಳಕೆ ಜಾಸ್ತಿಯಾದ ಹಾಗೆ ಬಿಲ್ಲಿನಲ್ಲಿ ಎಸಿಡಿ ಎಂದು ಮೂರಕ್ಷರ ಬಂದು ಕೂರುತ್ತದೆ. ಹೆಚ್ಚುವರಿ ಠೇವಣಿ ಎಂದು ಅದರ ಅರ್ಥ. ಜನ ಅದನ್ನು ದಂಡ ಎಂದುಕೊಂಡು ಸೆಕ್ಷನ್ ಆಫೀಸಿನಲ್ಲಿ ಜಗಳ ತೆಗೆಯುವುದನ್ನು ನಾನೇ ನೋಡಿದ್ದೇನೆ. ಅದು ದಂಡ ಅಲ್ಲ, ನಮ್ಮದೇ ಹಣ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅದಕ್ಕೆ ಬ್ಯಾಂಕ್ ದರದಷ್ಟಾದರೂ ಬಡ್ಡಿ ಕೊಡಲೇಬೇಕು.

ಈಚೆಗೆ ಈ ಸಾಲಿಗೆ ಬಾಟಲಿಯೂ ಸೇರಿದೆ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದ ಸರ್ಕಾರಿ ಮದ್ಯದಂಗಡಿಗಳು ತಿರುವನಂತಪುರದಲ್ಲೂ ನಮ್ಮ ಪಕ್ಕದ ಕಣ್ಣೂರಿನಲ್ಲೂ ಒಂದು ಪ್ರಯೋಗ ಶುರು ಮಾಡಿದವು. ಬಾಟಲಿಗೆ 20 ರೂಪಾಯಿ ಜಾಸ್ತಿ ಕೊಡಬೇಕು, ಖಾಲಿ ಬಾಟಲಿ ತಂದರೆ ಆ 20 ವಾಪಸ್. ತಮಿಳುನಾಡಿನಲ್ಲಿ ಇದು 2022ರಲ್ಲೇ ನೀಲಗಿರಿಯಿಂದ ಶುರುವಾಗಿತ್ತು, 10 ರೂಪಾಯಿಯಿಂದ. ಕಾಡಿನಲ್ಲಿ ಒಡೆದ ಬಾಟಲಿ ಆನೆಯ ಕಾಲಿಗೆ ಚುಚ್ಚುತ್ತದೆ ಎಂಬ ಕೊರಗು ಹೈಕೋರ್ಟಿನವರೆಗೆ ಹೋಗಿ ಬಂದ ವ್ಯವಸ್ಥೆ ಅದು. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಗೋಲಿ ಸೋಡಾ ಕುಡಿದು ಬಾಟಲಿ ಅಂಗಡಿಯಲ್ಲೇ ಬಿಟ್ಟು ಬರಬೇಕು, ಮನೆಗೆ ಬೇಕಾದರೆ ದುಡ್ಡು ಇಟ್ಟು ಹೋಗಬೇಕು ಎಂಬುದು ಇಲ್ಲಿನ ಹಳೆಯ ಅಂಗಡಿಗಳ ಮಾಮೂಲು ನಿಯಮ. ಡೆಪಾಸಿಟ್ ಎಂಬ ಪದ ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ.

ಬಾಡಿಗೆ ಮನೆಯ ವಿಷಯ ಬಂದರೆ ಪದ ಮತ್ತೆ ಬದಲಾಗುತ್ತದೆ. ನಮ್ಮ ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಅಡ್ವಾನ್ಸ್ ಕಟ್ಟುತ್ತಾರೆ. ಹತ್ತು ತಿಂಗಳದ್ದು ಎಂಬುದು ಅಲ್ಲಿನ ಹಳೆ ರೂಢಿ. ಅಡ್ವಾನ್ಸ್ ಎಂದರೆ ಮುಂಗಡ. ಮುಂಗಡ ಎಂದ ಮೇಲೆ ಬಾಡಿಗೆಗೆ ವಜಾ ಆಗಬೇಕು. ಆಗುವುದಿಲ್ಲ, ಯಾಕೆಂದರೆ ಅದು ಮುಂಗಡ ಅಲ್ಲ, ಬಾಯಿಕಟ್ಟು. ಮನೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರಲ್ಲ, ಆಗ ತಿಳಿಯುತ್ತದೆ. 2021ರಲ್ಲಿ ಕೇಂದ್ರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳದ್ದು ಸಾಕು ಎನ್ನುತ್ತದೆ. ಆದರೆ ಆಯಾ ರಾಜ್ಯ ಅದನ್ನು ಒಪ್ಪಿ ಕಾನೂನು ಮಾಡಿದರಷ್ಟೇ ಬೆಲೆ. ತಮಿಳುನಾಡಿನ 2017ರ ಕಾಯ್ದೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೂರು ತಿಂಗಳಿಗೆ ಮಿತಿ ಹಾಕಿದೆ. ಅತ್ತಿಬೆಲೆ ದಾಟಿ ಹೊಸೂರಿನಲ್ಲಿ ಮನೆ ಮಾಡಿದವರಿಗೆ ಇದು ತಿಳಿದಿದ್ದರೆ ಒಳ್ಳೆಯದು.

ಬೆಂಗಳೂರಿನ ಲೀಸು, ಅಂದರೆ ಭೋಗ್ಯ, ಇನ್ನೂ ಮಜಾ. ದೊಡ್ಡ ಗಂಟು ಕೊಡುವುದು, ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಗಂಟು ವಾಪಸ್ ತೆಗೆದುಕೊಳ್ಳುವುದು. ಬಡ್ಡಿಗೂ ಬಾಡಿಗೆಗೂ ಸರಿಹೋಯಿತು ಎಂಬ ಲೆಕ್ಕ. ಹಳೆಯ ಮಲಬಾರಿನ ಕಾಣ ಎಂಬ ಪದ್ಧತಿಯ ಒಳಗೂ ಇಂಥದ್ದೇ ಲೆಕ್ಕ ಇತ್ತು. ಒಕ್ಕಲು ಜನ್ಮಿಗೆ, ಅಂದರೆ ಭೂಮಿಯ ಧಣಿಗೆ, ಕಾಣದ ಹಣ ಕೊಟ್ಟು ಭೂಮಿ ಹಿಡಿಯುತ್ತಿದ್ದ, ಆ ಹಣದ ಬಡ್ಡಿಯನ್ನು ಗೇಣಿಯಲ್ಲಿ ಕಳೆಯುತ್ತಿದ್ದರು. 1970ರ ಜನವರಿ 1ರಂದು ಕೇರಳದಲ್ಲಿ ಜನ್ಮಿ ಪದ್ಧತಿಯೇ ಹೋಯಿತು. ಆ ಲೆಕ್ಕ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬದುಕಿದೆ.

ಕಾನೂನು ಏನು ಹೇಳುತ್ತದೆ?

ಇಷ್ಟೆಲ್ಲ ಗೊಂದಲ ಸರ್ಕಾರಕ್ಕೂ ಗೊತ್ತು. 2019ರಲ್ಲಿ ಸಂಸತ್ತು ನಿಯಂತ್ರಣವಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅಲ್ಲಿ ಡೆಪಾಸಿಟ್ ಎಂಬುದಕ್ಕೆ ಕೊಟ್ಟ ಅರ್ಥ ತುಂಬಾ ಅಗಲ. ಮುಂಗಡ ಎನ್ನಿ, ಸಾಲ ಎನ್ನಿ, ಇನ್ನೇನಾದರೂ ಎನ್ನಿ, ವಾಪಸ್ ಕೊಡುತ್ತೇನೆ ಎಂಬ ಮಾತಿನ ಮೇಲೆ ಪಡೆದ ಹಣ ಠೇವಣಿ. ಬಡ್ಡಿ ಇರಲಿ ಬಿಡಲಿ. ವಾಪಸ್ ಕೊಡುವುದು ಹಣವಾಗಿರಲಿ, ಸಾಮಾನಾಗಿರಲಿ, ಸೇವೆಯಾಗಿರಲಿ. ನೆಂಟರಿಂದ ಪಡೆದ ಸಾಲ, ಪಾಲುದಾರರ ಬಂಡವಾಳ, ನಿಜವಾದ ವ್ಯಾಪಾರದ ಮುಂಗಡ, ಇಂಥವನ್ನು ಹೊರಗಿಟ್ಟಿದ್ದಾರೆ. ಆದರೆ ಸಾಮಾನು ಕೊಡದೆ ಮುಂಗಡ ವಾಪಸ್ ಕೊಡಬೇಕಾದ ದಿನ ಕಳೆದು 15 ದಿನ ಆದರೆ ಅದೂ ಠೇವಣಿ ಎಂದಾಗುತ್ತದೆ. ಅನುಮತಿ ಇಲ್ಲದೆ ಠೇವಣಿ ಪಡೆದರೆ ಎರಡರಿಂದ ಏಳು ವರ್ಷ ಜೈಲು. ಮೋಸದಿಂದ ವಾಪಸ್ ಕೊಡದಿದ್ದರೆ ಹತ್ತು ವರ್ಷದವರೆಗೆ.

ನನಗೆ ಈ ಕಾಯ್ದೆಯಲ್ಲಿ ಇಷ್ಟವಾದದ್ದು ಅದು ಹೆಸರನ್ನು ನೋಡುವುದಿಲ್ಲ ಎಂಬುದು. ವಾಪಸ್ ಕೊಡುವ ಮಾತಿತ್ತೋ ಇಲ್ಲವೋ, ಅದೊಂದೇ ಪ್ರಶ್ನೆ. ನಮ್ಮ ನೆಂಟರಿಗೆ ತೊಡಕಾದದ್ದೂ ಅಲ್ಲೇ. ಬಾಯಲ್ಲಿ ಹೇಳಿದ್ದು "ಯಾವಾಗ ಬೇಕಾದರೂ ವಾಪಸ್." ಕಾಗದದಲ್ಲಿ ಇದ್ದದ್ದು ಲಾಭ ನಷ್ಟದ ಪಾಲು. ನಡುವೆ ನಿಕ್ಷೇಪಂ ಎಂಬ ಪದ ಎರಡೂ ಕಡೆ ಕಾಲಿಟ್ಟು ನಿಂತಿತ್ತು. ಬಾಯಿಮಾತಿಗೆ ಸಾಕ್ಷಿ ಇಲ್ಲ. ಕೇಸು ಇನ್ನೂ ನಡೆಯುತ್ತಿದೆ.

ಅಪ್ಪಚ್ಚಿಯ ತಲೆಮಾರಿನವರು ಇದಕ್ಕೆಲ್ಲ ಸಿಕ್ಕಿಬೀಳದೆ ಇದ್ದದ್ದಕ್ಕೆ ಒಂದು ಕಾರಣ ಅಡಿಕೆ. ಅವರ ಎಫ್‌ಡಿ ಅಟ್ಟದ ಮೇಲಿತ್ತು. ಈ ವರ್ಷದ ಅಡಿಕೆಯನ್ನು ಈ ವರ್ಷವೇ ಕೊಡುವುದಿಲ್ಲ. ಒಂದು ಮಳೆಗಾಲ ದಾಟಿಸಿದರೆ ಹಳತು, ಇನ್ನೂ ಇಟ್ಟರೆ ಡಬ್ಬಲ್ ಚೋಲು, ರೇಟು ಬೇರೆ. ಮಗಳ ಮದುವೆಗೋ ಬಾವಿ ತೋಡಲಿಕ್ಕೋ ಬೇಕಾದಾಗ ಗೋಣಿ ಇಳಿಸಿ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೋಗೆ ಕೊಡುವುದು. ಹುಳ ಬಿದ್ದರೆ ನಷ್ಟ, ರೇಟು ಬಿದ್ದರೆ ನಷ್ಟ. ಆದರೆ ಆ ನಷ್ಟ ಕಣ್ಣೆದುರು ಆಗುತ್ತದೆ. ಇಟ್ಟದ್ದು ಯಾರದು ಎಂದು ಯಾರೂ ಕೇಳಬೇಕಾಗಿಲ್ಲ, ಅಟ್ಟ ನಮ್ಮದು.

ಈಗ ಅವರಿಗೂ ಏಣಿ ಹತ್ತಲಾಗುವುದಿಲ್ಲ. ಕಳೆದ ಸಲ ಅಡಿಕೆ ಕೊಟ್ಟ ಹಣವನ್ನು ಊರಿನ ಸೊಸೈಟಿಯಲ್ಲೇ ಇಟ್ಟರು. ಜೊತೆಗೆ ಹೋಗಿದ್ದೆ. ಅವರು ಮೊದಲೇ ಎ ಕ್ಲಾಸ್ ಮೆಂಬರ್, ನಾಮಮಾತ್ರ ಸದಸ್ಯ ಅಲ್ಲ, ಅದು ಸರಿಯಿತ್ತು. ಎಲ್ಲವನ್ನೂ ಒಂದೇ ಕಡೆ ಇಡುವುದು ಬೇಡ ಎಂದೆ, ಅರ್ಧ ಮಾತ್ರ ಇಟ್ಟರು. ಕೌಂಟರಿನ ಹುಡುಗಿ ಕನ್ನಡದವಳೇ. ರಸೀದಿ ಮಾತ್ರ ಮಲಯಾಳದ್ದು, ಸ್ಥಿರ ನಿಕ್ಷೇಪಂ. ಅಪ್ಪಚ್ಚಿ ಕಿಸೆಯಿಂದ ಪೆನ್ನು ತೆಗೆದು ಅದರ ಹಿಂದೆ ಕನ್ನಡದಲ್ಲಿ ಬರೆದರು: ಠೇವಣಿ, ಪಾಲು ಅಲ್ಲ. ಕೆಳಗೆ ತಾರೀಕು ಹಾಕಿದರು.

"ಅದಕ್ಕೆ ಸೀಲು ಹಾಕಲಿಕ್ಕೆ ಆಗುವುದಿಲ್ಲ ಅಜ್ಜಾ," ಎಂದು ಹುಡುಗಿ ನಕ್ಕಳು.

"ಸೀಲು ಬೇಡ ಮಗಳೇ," ಎಂದರು ಅಪ್ಪಚ್ಚಿ, ರಸೀದಿಯನ್ನು ನಾಲ್ಕು ಮಡಿಕೆ ಮಾಡುತ್ತಾ. "ಎನಗೆ ನೆಂಪಿಂಗೆ."